ಮನೆ ಕೊಟ್ಟರೆ ಊರು ಕೊಟ್ಟಂತಾಗುವುದೆ?



ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾಯಿತೆಂದರೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಳೆದಂಡೆಯ ಜನ ಲೆಕ್ಕ ಹಾಕತೊಡಗುತ್ತಾರೆ. ಕೊಯ್ನಾದಿಂದ ಎಷ್ಟು ಬಿಟ್ಟರು, ಹಿಡಕಲ್‌ನಿಂದ ಎಷ್ಟು, ನವಿಲುತೀರ್ಥದಿಂದ ಎಷ್ಟು? ಕ್ಯೂಸೆಕ್ ಲೆಕ್ಕ ಅಲ್ಲಿನ ಅಜ್ಜಿಯರಿಗೂ ಬಾಯಿಪಾಠ. ಹೊಳೆ ಏರುವಾಗ ನಾಡೆಲ್ಲ ಆ ಕಡೆ ನೋಡುತ್ತದೆ. ದೋಣಿ, ಹೆಲಿಕಾಪ್ಟರ್, ಸೈನಿಕರು, ಊರೂರಿನಿಂದ ಬರುವ ರೊಟ್ಟಿಯ ಗಂಟು, ಹಳೆ ಬಟ್ಟೆಯ ಮೂಟೆ. ಹೊಳೆ ಇಳಿಯಿತೆಂದರೆ ನಾಡಿನ ಗಮನವೂ ಬೇರೆ ಕಡೆ ಹೊರಳುತ್ತದೆ. ಇವತ್ತು ನಾನು ಮಾತಾಡುವುದು ಆಮೇಲಿನ ಕಾಲದ ಬಗ್ಗೆ. ಕೆಸರು ಒಣಗಿದ ಮೇಲೆ ಬರುವ ತಿಂಗಳುಗಳು, ವರ್ಷಗಳ ಬಗ್ಗೆ.

ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬದುಕುಳಿದವರಿಗೆ ಪರಿಹಾರದ ಹಣ ಬೇಕು, ಮನೆ ಬೇಕು. ಆದರೆ ಅವರ ಬದುಕು ಮತ್ತೆ ಹಳಿಗೆ ಬರುವುದು ನಲ್ಲಿಯಲ್ಲಿ ನೀರು ಬಂದಾಗ, ಶಾಲೆಯ ಗಂಟೆ ಹೊಡೆದಾಗ, ಬಸ್ಸು ಬಂದು ನಿಂತಾಗ, ನ್ಯಾಯಬೆಲೆ ಅಂಗಡಿ ಬಾಗಿಲು ತೆರೆದಾಗ, ಕಚೇರಿಯಲ್ಲಿ ಒಬ್ಬರು ತಲೆಯೆತ್ತಿ "ಬನ್ನಿ, ಏನಾಗಬೇಕಿತ್ತು?" ಎಂದು ಕೇಳಿದಾಗ. ಇವೆಲ್ಲ ಸಣ್ಣ ಸಂಗತಿಗಳೆಂದು ನಮಗೆ ಅನ್ನಿಸಬಹುದು. ಎಲ್ಲ ಕಳೆದುಕೊಂಡವರಿಗೆ ಹಾಗನ್ನಿಸುವುದಿಲ್ಲ.

ಜೀವ ಉಳಿಸುವುದನ್ನು ಈ ದೇಶ ಸಾಕಷ್ಟು ಕಲಿತಿದೆ. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಅಪ್ಪಳಿಸಿದ ಮಹಾಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಚಂಡಮಾರುತ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸುರಕ್ಷಿತ ಜಾಗಗಳಿಗೆ ಸಾಗಿಸಿದ್ದರು. ಸತ್ತವರ ಸಂಖ್ಯೆ ಐವತ್ತನ್ನೂ ದಾಟಲಿಲ್ಲ. ಮುನ್ಸೂಚನೆ, ಆಶ್ರಯ ಕಟ್ಟಡಗಳು, ತರಬೇತಾದ ಸ್ವಯಂಸೇವಕರು ಎಲ್ಲ ಸೇರಿದ್ದರಿಂದ ಇದು ಸಾಧ್ಯವಾಯಿತು. ಹೀಗೆ ಉಳಿಸಿಕೊಂಡ ಜೀವಗಳಿಗೆ ಬದುಕನ್ನು ಮರಳಿ ಕಟ್ಟಿಕೊಡುವ ವಿಷಯದಲ್ಲಿ ನಾವು ಅಷ್ಟು ದೂರ ಬಂದಿದ್ದೇವೆಯೆ? ಇದಕ್ಕೆ ಉತ್ತರ ಹುಡುಕಲು ಒಡಿಶಾದವರೆಗೆ ಹೋಗಬೇಕಿಲ್ಲ, ಮಲಪ್ರಭೆಯ ದಂಡೆಗೆ ಹೋದರೆ ಸಾಕು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಬರಕ್ಕೆ ಹೆಸರಾದ ಉತ್ತರ ಕರ್ನಾಟಕದ ಮೇಲೆ ಯಾರೂ ಎಣಿಸದಷ್ಟು ಮಳೆ ಸುರಿಯಿತು. ಕೃಷ್ಣಾ, ಮಲಪ್ರಭಾ, ಭೀಮಾ, ತುಂಗಭದ್ರಾ, ಅಲ್ಲಿಯವರೆಗೆ ಬರೀ ಹಳ್ಳವೆಂದು ಕರೆಸಿಕೊಂಡವು ಕೂಡ ಊರೊಳಗೆ ನುಗ್ಗಿದವು. ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು. ನಮ್ಮ ರಾಜ್ಯದಲ್ಲೇ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಸೀಮೆಯ ಮನೆಗಳು ಹೆಚ್ಚಾಗಿ ಮಣ್ಣಿನವು. ಬಿಸಿಲಿಗೆ ತಂಪು ಕೊಡುವ ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬಿಡದೆ ಸುರಿದ ಮಳೆಗೆ ಗೋಡೆ ನೆನೆದು, ಮಾಳಿಗೆಯ ಭಾರಕ್ಕೆ ಮನೆಗಳು ಕುಸಿದವು. ಆಗಿನ ಮುಖ್ಯಮಂತ್ರಿ ಬೆಂಗಳೂರಿನ ಬೀದಿಗಳಲ್ಲಿ ನಡೆದು ದೇಣಿಗೆ ಸಂಗ್ರಹಿಸಿದರು. ನಾಡು ಕೈಬಿಚ್ಚಿ ಕೊಟ್ಟಿತು. "ಆಸರೆ" ಎಂಬ ಯೋಜನೆ ಬಂತು. ಸರ್ಕಾರ ಎತ್ತರದ ಜಾಗ ಗೊತ್ತುಮಾಡುವುದು, ಕಂಪನಿಗಳು, ಮಠಗಳು, ಸಂಘಸಂಸ್ಥೆಗಳು ಅಲ್ಲಿ ಮನೆ ಕಟ್ಟಿಸಿಕೊಡುವುದು. ಹೊಳೆಯಿಂದ ದೂರ ಸಾಲು ಸಾಲಾಗಿ ನವಗ್ರಾಮಗಳು ಎದ್ದವು.

ಮುಂದೇನಾಯಿತು ಎಂಬುದು ಆ ಭಾಗದ ಕೇಳುಗರಿಗೆ ಗೊತ್ತೇ ಇದೆ. ಎಷ್ಟೋ ಕಡೆ ಮನೆಗಳು ಬೀಗ ಹಾಕಿದಂತೆಯೇ ಉಳಿದವು. ಬಾಗಿಲು ಕಿಟಕಿಗಳು ಕಳುವಾದವು, ಅಂಗಳದಲ್ಲಿ ಜಾಲಿಕಂಟಿ ಬೆಳೆಯಿತು. ಜನ ಬಿದ್ದ ಗೋಡೆಗಳನ್ನೇ ಎತ್ತಿ ನಿಲ್ಲಿಸಿಕೊಂಡು ಹಳೆಯ ಊರಲ್ಲೇ ಉಳಿದರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳವೇ ನೀರಾದಾಗ, ಹತ್ತು ವರ್ಷ ಖಾಲಿ ಬಿದ್ದಿದ್ದ ಆ ಮನೆಗಳ ನೆನಪಾಗಿ ಹಲವರು ಅಲ್ಲಿಗೆ ಓಡಿದರು. ನೀರು ಇಳಿದ ಮೇಲೆ ಕೆಲವರು ಮತ್ತೆ ಹಿಂದಕ್ಕೆ ಬಂದರು.

ಇದನ್ನು ನೋಡಿ "ಮನೆ ಕಟ್ಟಿಸಿಕೊಟ್ಟರೂ ಹೋಗುವುದಿಲ್ಲ, ಪರಿಹಾರಕ್ಕಾಗಿ ಹೊಳೆದಂಡೆಯಲ್ಲೇ ಕೂತಿರುತ್ತಾರೆ" ಎಂದು ಬೈಯುವವರಿದ್ದಾರೆ. ಬೈಯುವ ಮೊದಲು ಆ ಮನೆಗಳನ್ನೊಮ್ಮೆ ನೋಡಬೇಕು. ಒಕ್ಕಲುತನದ ಮನೆಗೆ ದನ ಕಟ್ಟಲು ಜಾಗ ಬೇಕು, ಬಣವಿ ಒಟ್ಟಲು ಹಿತ್ತಿಲು ಬೇಕು, ಕಾಳಿನ ಚೀಲ, ಕೂರಿಗೆ, ಕುಂಟೆ ಇಡಲು ಪಡಸಾಲೆ ಬೇಕು. ನಕ್ಷೆಯಲ್ಲಿ ಇದ್ದದ್ದು ಪಟ್ಟಣದ ಅಳತೆಯ ಎರಡು ಸಣ್ಣ ಕೋಣೆ. ಹಳೆಯ ಒಂದು ಮನೆಯಲ್ಲಿ ಅಣ್ಣತಮ್ಮಂದಿರ ಮೂರು ಸಂಸಾರ ಇದ್ದರೂ, ಬಿದ್ದದ್ದು ಒಂದೇ ಮನೆ ಎಂದು ಒಂದೇ ಮನೆ ಕೊಟ್ಟ ಉದಾಹರಣೆಗಳಿವೆ. ಹೊಲ ಹೊಳೆಯ ಕಡೆ, ಮನೆ ಎರಡು ಮೂರು ಕಿಲೊಮೀಟರ್ ಆಚೆ. ಇನ್ನು ಕೊಳವೆ ಹಾಕಿದ್ದರೂ ನೀರು ಬಾರದ ಕಡೆ, ಗಟಾರ ಇಲ್ಲದ ಕಡೆ, ಬಸ್ಸು ಮುಖ್ಯರಸ್ತೆಯಲ್ಲೇ ನಿಂತು ಹೊರಟುಬಿಡುವ ಕಡೆ, ಶಾಲೆ, ಅಂಗನವಾಡಿ ಹಳೆಯ ಊರಲ್ಲೇ ಉಳಿದ ಕಡೆ, ವರ್ಷಗಳು ಕಳೆದರೂ ಹಕ್ಕುಪತ್ರ ಕೈಗೆ ಬಾರದ ಕಡೆ ಜನ ಯಾವ ಧೈರ್ಯದಿಂದ ಹೋಗಬೇಕು? "ದನ ಎಲ್ಲಿ ಕಟ್ಟೋಣ್ರಿ?" ಎಂಬ ಪ್ರಶ್ನೆ ಉಡಾಫೆಯದಲ್ಲ. ಅದು ಆ ಮನೆಯ ವರಮಾನದ ಪ್ರಶ್ನೆ. ದಾನಿಗಳು ಕೊಟ್ಟದ್ದು ಮನೆ. ಊರನ್ನು ಕೊಡಬೇಕಾದದ್ದು ಸರ್ಕಾರ. ಸೇವೆಗಳೆಲ್ಲ ಬಂದು ನೆಲೆಸಿದ ನವಗ್ರಾಮಗಳೂ ಇವೆ, ಅಲ್ಲಿ ಜನ ಹೋಗಿ ನೆಲೆ ನಿಂತಿದ್ದಾರೆ. ವ್ಯತ್ಯಾಸ ಇರುವುದು ಜನರ ಸ್ವಭಾವದಲ್ಲಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಕೊಡಗಿನ ಕತೆ ಇನ್ನೊಂದು ಬಗೆಯದು. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡು, ಹೆಬ್ಬೆಟ್ಟಗೇರಿ, ಕಾಲೂರು, ಮುಕ್ಕೋಡ್ಲು ಕಡೆಯ ಗುಡ್ಡಗಳೇ ಜಾರಿ ಬಂದವು. ಮಡಿಕೇರಿ, ಸೋಮವಾರಪೇಟೆ ಭಾಗದ ಶಾಲೆಗಳು, ಸಮಾಜಗಳ ಸಭಾಭವನಗಳು ರಾತ್ರೋರಾತ್ರಿ ಪರಿಹಾರ ಕೇಂದ್ರಗಳಾದವು. ಆಮೇಲೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಸರ್ಕಾರ ಎರಡು ಮಲಗುವ ಕೋಣೆಯ ಗಟ್ಟಿ ಮನೆಗಳನ್ನೇ ಕಟ್ಟಿಸಿತು. ಉತ್ತರ ಕರ್ನಾಟಕದ ಅನುಭವದಿಂದ ಏನೋ ಕಲಿತಿದ್ದೇವೆ ಅನ್ನಿಸುವಂತಿತ್ತು. ಆದರೆ ಬಯಲಲ್ಲಿ ನೀರು ಇಳಿದರೆ ಹೊಲ ಅಲ್ಲೇ ಇರುತ್ತದೆ. ಬೆಟ್ಟ ಜಾರಿದರೆ ಹೊಲವೇ ಉಳಿಯುವುದಿಲ್ಲ. ಕಾಫಿ ತೋಟ ಬುಡಸಮೇತ ಕೊಚ್ಚಿಹೋಗಿತ್ತು, ಗದ್ದೆಯ ಮೇಲೆ ಆಳುದ್ದ ಹೂಳು ನಿಂತಿತ್ತು. ಕಾಫಿ ಗಿಡ ನೆಟ್ಟು ಫಸಲು ನೋಡಲು ವರ್ಷಗಳೇ ಬೇಕು. ಒಂದು ಕಂತಿನ ಬೆಳೆ ಪರಿಹಾರ ಅಲ್ಲಿಯತನಕ ಒಂದು ಸಂಸಾರವನ್ನು ದಡ ಸೇರಿಸಲಾರದು. ಪುನರ್ವಸತಿಯಲ್ಲಿ ಮನೆಯ ಜೊತೆಗೆ ದುಡಿಮೆಯ ದಾರಿಯೂ ಇರಬೇಕೆಂದು ಕೊಡಗು ಕಲಿಸಿತು.

ಈಗ ಮನಸ್ಸಿನ ವಿಷಯಕ್ಕೆ ಬರೋಣ. ಹೊಳೆ ಮನೆಯೊಳಗೆ ಬಂದುದನ್ನು ಕಂಡವರಿಗೆ ಮರುವರ್ಷದ ಮೊದಲ ಜೋರುಮಳೆಯ ರಾತ್ರಿ ನಿದ್ದೆ ಹತ್ತುವುದಿಲ್ಲ. ಗುಡ್ಡ ಜಾರಿದ ಸದ್ದು ಕೇಳಿದ ಮಕ್ಕಳು ಲಾರಿಯ ಸದ್ದಿಗೂ ಬೆಚ್ಚುತ್ತಾರೆ. ಗಂಡಸರು ಕುಡಿತಕ್ಕೆ ಬೀಳುತ್ತಾರೆ, ಹೆಂಗಸರು ಎದೆನೋವು, ತಲೆನೋವೆಂದು ಆಸ್ಪತ್ರೆ ತಿರುಗುತ್ತಾರೆ. ಇದು ಹುಚ್ಚಲ್ಲ, ಕೇಳುಗರೇ. ದೊಡ್ಡ ಪೆಟ್ಟು ತಿಂದ ಮನಸ್ಸು ಹೀಗೇ ನಡೆದುಕೊಳ್ಳುತ್ತದೆ. ಹೆಚ್ಚಿನವರು ಮನೆಯವರ, ನೆರೆಹೊರೆಯವರ ಆಸರೆಯಲ್ಲಿ ಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಕೆಲವರಿಗಷ್ಟೇ ತಜ್ಞರ ಚಿಕಿತ್ಸೆ ಬೇಕಾಗುತ್ತದೆ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ಗೆ ದೊಡ್ಡ ಅನುಭವವಿದೆ. 1981ರಲ್ಲಿ ಬೆಂಗಳೂರಿನ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ಬಹಳ ಮಕ್ಕಳು ಸತ್ತರಲ್ಲ, ಆಗ ಮನೆಯವರನ್ನು ಕಳೆದುಕೊಂಡ ಕುಟುಂಬಗಳ ಸ್ಥಿತಿಯನ್ನು ಅದು ಅಧ್ಯಯನ ಮಾಡಿತು. ಒಡಿಶಾದ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಕೊಡಗಿನ ಭೂಕುಸಿತ ಎಲ್ಲದರ ನಂತರವೂ ಅದರ ತಂಡಗಳು ಜನರ ನಡುವೆ ಕೆಲಸ ಮಾಡಿವೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗದ ಚಿಕಿತ್ಸೆಯ ತರಬೇತಿ ಕೊಡುವ ಪದ್ಧತಿ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ರೂಪುಗೊಂಡಿತು. 1996ರಲ್ಲಿ ಅದು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಅಂತಾರಾಷ್ಟ್ರೀಯ ನೆರವು ಸಂಸ್ಥೆಗಳೂ ಕೂಡಿ 2007ರಲ್ಲಿ ಒಂದು ಮಾರ್ಗಸೂಚಿ ಹೊರತಂದವು. ವಿಪತ್ತಿನಲ್ಲಿ ಮನಸ್ಸಿಗೆ ಆಸರೆ ಹೇಗಿರಬೇಕೆಂದು ಅದು ನಾಲ್ಕು ಹಂತದ ಒಂದು ಗೋಪುರದ ಚಿತ್ರದಲ್ಲಿ ಹೇಳುತ್ತದೆ. ತುತ್ತತುದಿಯ ಚಿಕ್ಕ ಹಂತದಲ್ಲಿ ಮನೋವೈದ್ಯರು. ಅದರ ಕೆಳಗೆ ತರಬೇತಾದ ಆರೋಗ್ಯ ಕಾರ್ಯಕರ್ತರು. ಅದರ ಕೆಳಗೆ ಕುಟುಂಬ ಮತ್ತು ಸಮುದಾಯ. ಎಲ್ಲಕ್ಕೂ ತಳಹದಿಯಾಗಿ, ಎಲ್ಲಕ್ಕಿಂತ ಅಗಲವಾಗಿ, ಅನ್ನ, ನೀರು, ಸೂರು, ಆರೋಗ್ಯ, ಸುರಕ್ಷತೆಯಂಥ ಮೂಲಸೇವೆಗಳು, ಅದೂ ಮನುಷ್ಯನ ಘನತೆಗೆ ಕುಂದು ಬಾರದಂತೆ ಕೊಟ್ಟ ಸೇವೆಗಳು. ಮನಸ್ಸಿನ ಆಸರೆಗೆಂದೇ ಬರೆದ ಮಾರ್ಗಸೂಚಿ ನೀರಿನ ನಲ್ಲಿಯಿಂದ ಶುರುವಾಗುತ್ತದೆ ಎಂಬುದನ್ನು ನಾವು ಗಮನಿಸಬೇಕು. ಶೌಚಾಲಯಕ್ಕೆ ಬಾಗಿಲಿಲ್ಲದ ಪರಿಹಾರ ಕೇಂದ್ರದಲ್ಲಿ ಕತ್ತಲಾಗುವುದನ್ನೇ ಕಾಯುತ್ತ ಕುಳಿತ ಹೆಣ್ಣುಮಗಳಿಗೆ ಆಪ್ತಸಲಹೆಗಿಂತ ಮೊದಲು ಬಾಗಿಲು ಬೇಕು.

ಕಾನೂನೂ ಇದನ್ನೇ ಹೇಳುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೆಯ ಕಲಮು ಸೂರು, ಆಹಾರ, ಕುಡಿಯುವ ನೀರು, ವೈದ್ಯಕೀಯ ನೆರವು, ನೈರ್ಮಲ್ಯಗಳಿಗೆ ಕನಿಷ್ಠ ಮಟ್ಟ ಗೊತ್ತುಮಾಡಬೇಕೆಂದೂ, ವಿಧವೆಯರು ಮತ್ತು ಅನಾಥರಿಗೆ ವಿಶೇಷ ವ್ಯವಸ್ಥೆ ಇರಬೇಕೆಂದೂ ಹೇಳುತ್ತದೆ. ಅದರಂತೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಪರಿಹಾರ ಕೇಂದ್ರದಲ್ಲಿ ಒಬ್ಬರಿಗೆ 3.5 ಚದರ ಮೀಟರ್ ಜಾಗ, 30 ಜನಕ್ಕೊಂದು ಶೌಚಾಲಯ, ದೊಡ್ಡವರಿಗೆ ದಿನಕ್ಕೆ 2,400 ಕ್ಯಾಲೊರಿ ಆಹಾರ ಎಂದು ಅಳತೆ ಹಾಕಿದೆ. ಇದು ಯಾರೋ ಮೇಲಿಂದ ಎಸೆಯುವ ಭಿಕ್ಷೆಯಲ್ಲ, ನಮ್ಮ ಹಕ್ಕು. ಸಂತ್ರಸ್ತರು ಕೈಚಾಚುವವರಲ್ಲ, ತೆರಿಗೆ ಕೊಟ್ಟ, ಮತ ಹಾಕಿದ ನಾಗರಿಕರು.

ಇನ್ನು ಕಚೇರಿಯ ಬಾಗಿಲಿಗೆ ಬರೋಣ. 2019ರ ನೆರೆಯ ನಂತರ ನಮ್ಮ ರಾಜ್ಯದಲ್ಲಿ ತುರ್ತಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಡುವ ಆದೇಶವಾಯಿತು. ಕೇಂದ್ರದ ಮಾನದಂಡಕ್ಕಿಂತ ಬಹಳ ಹೆಚ್ಚಿನ ಮೊತ್ತ, ಒಳ್ಳೆಯ ನಿರ್ಧಾರ. ಆದರೆ ಮನೆ ಎ ವರ್ಗವೋ, ಬಿ ವರ್ಗವೋ, ಸಿ ವರ್ಗವೋ ಎಂಬ ಒಂದಕ್ಷರದ ಮೇಲೆ ಲಕ್ಷಗಳ ವ್ಯತ್ಯಾಸ ನಿಂತಿತ್ತು. ಮಣ್ಣಿನ ಗೋಡೆ ಮೊದಲ ವಾರ ನಿಂತಿದ್ದು, ಬಿಸಿಲು ಬಿದ್ದು ಒಣಗುವಾಗ ಬಿರಿದು ಬೀಳುತ್ತದೆ. ಸಮೀಕ್ಷೆಯವರು ಬಂದ ದಿನ ಅದು ನಿಂತಿದ್ದರೆ? ಬುನಾದಿ, ಲಿಂಟಲ್, ಛಾವಣಿ ಎಂದು ಹಂತ ಹಂತಕ್ಕೂ ಜಿಪಿಎಸ್ ಫೋಟೊ ಏರಿಸಿದ ಮೇಲೆಯೇ ಮುಂದಿನ ಕಂತು. ಆಧಾರ್ ಜೋಡಣೆ, ಬ್ಯಾಂಕ್ ಖಾತೆ, ಆಸ್ತಿಯ ಉತಾರ. ಇವೆಲ್ಲ ಮೋಸ ತಡೆಯಲು ಬೇಕು, ಒಪ್ಪೋಣ. ಆದರೆ ಹೊಳೆ ಮೊದಲು ಒಯ್ದದ್ದೇ ಟ್ರಂಕಿನಲ್ಲಿದ್ದ ಕಾಗದಗಳನ್ನು. ಕಾಗದ ಕಳೆದುಕೊಂಡವನಿಗೆ ಕಾಗದ ತಾ ಎನ್ನುವ ವ್ಯವಸ್ಥೆ ಎರಡನೆಯ ನೆರೆ.

ಈ ತೊಡಕಿಗೆ ದಾರಿಯೂ ಇದೆ. 2018ರ ಮಹಾಪೂರದ ನಂತರ ಕೇರಳದಲ್ಲಿ ದಾಖಲೆ ಅದಾಲತ್‌ಗಳನ್ನು ನಡೆಸಿದರು. ಹಲವು ಇಲಾಖೆಗಳವರು ಒಂದೇ ಜಾಗಕ್ಕೆ ಬಂದು ಕುಳಿತು ಪಡಿತರ ಚೀಟಿಯಿಂದ ಜನನಪತ್ರದವರೆಗೆ ಕಳೆದುಹೋದ ದಾಖಲೆಗಳನ್ನು ಮರಳಿ ಕೊಟ್ಟರು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಬಿದ್ದಾಗಲೂ ಹತ್ತಿರದ ಮೇಪ್ಪಾಡಿಯಲ್ಲಿ ಇಂಥ ಶಿಬಿರ ನಡೆಯಿತು. ಜನ ಇಲಾಖೆಯಿಂದ ಇಲಾಖೆಗೆ ಅಲೆಯುವ ಬದಲು ಇಲಾಖೆಗಳು ಜನರ ಬಳಿ ಬಂದವು. ನಮ್ಮ ಪ್ರತಿ ಪರಿಹಾರ ಕೇಂದ್ರದಲ್ಲೂ ಮೊದಲ ವಾರದಿಂದಲೇ ಇಂಥದೊಂದು ಮೇಜು ಇರಲು ಯಾವ ಅಡ್ಡಿ?

ವಯನಾಡಿನಿಂದ ಇನ್ನೊಂದು ಪಾಠವಿದೆ. ವೆಳ್ಳಾರ್‌ಮಲೆಯ ಶಾಲೆಯನ್ನು ಆ ಭೂಕುಸಿತ ಹಾಳುಗೆಡವಿತ್ತು. ಸೆಪ್ಟೆಂಬರ್ ಮೊದಲ ವಾರದಲ್ಲೇ ಆ ಮಕ್ಕಳಿಗೆ ಮೇಪ್ಪಾಡಿಯಲ್ಲಿ ತರಗತಿಗಳು ಮತ್ತೆ ಶುರುವಾದವು, ಪ್ರವೇಶೋತ್ಸವದ ಸಂಭ್ರಮದೊಂದಿಗೆ. ಶಾಲೆ ಎಂದರೆ ಪಾಠವಷ್ಟೇ ಅಲ್ಲವಲ್ಲ. ಮಗುವಿಗೆ ಅದು ದಿನಚರಿ, ಗೆಳೆಯರು, ಮಧ್ಯಾಹ್ನದ ಬಿಸಿಯೂಟ. ತಂದೆತಾಯಿಗೆ ಕೂಲಿಗೆ ಹೋಗಲು ಸಿಗುವ ಬಿಡುವು. ನಮ್ಮಲ್ಲಿ ನೆರೆ ಬಂದರೆ ಶಾಲೆಯೇ ಗಂಜಿ ಕೇಂದ್ರ. ಜನರಿಗೆ ಬೇರೆ ಸೂರು ಆಗುವತನಕ ಪಾಠ ನಿಲ್ಲುತ್ತದೆ. ಆ ಸೂರು ಬೇಗ ಆಗಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಜಪಾನಿನ ಒಂದು ಕಹಿ ಅನುಭವವನ್ನೂ ಹೇಳಬೇಕು. 1995ರ ಜನವರಿ 17ರಂದು ಕೋಬೆ ನಗರದ ಭೂಕಂಪದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಆಡಳಿತ ಚುರುಕಾಗಿ ಸಾವಿರಾರು ತಾತ್ಕಾಲಿಕ ಮನೆ ಕಟ್ಟಿತು. ಚೀಟಿ ಎತ್ತಿ, ವಯಸ್ಸಾದವರಿಗೆ ಮೊದಲ ಸರದಿ ಕೊಟ್ಟಿತು. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ಹಾಗೆ ಮಾಡಿದ್ದರಿಂದ ಒಂದೇ ಓಣಿಯಲ್ಲಿ ಬಾಳಿದವರು ಊರ ನಾಲ್ಕು ಮೂಲೆಗೆ ಚದುರಿದರು. ಗುರುತಿನವರಿಲ್ಲದ ಸಾಲುಮನೆಗಳಲ್ಲಿ ಮುದುಕರು ಒಬ್ಬೊಬ್ಬರೇ ಉಳಿದರು. ಭೂಕಂಪದಲ್ಲಿ ಬದುಕಿ ಉಳಿದವರು ಯಾರಿಗೂ ತಿಳಿಯದಂತೆ ಒಂಟಿಯಾಗಿ ಸತ್ತರು. ಆ ಪಾಠವನ್ನು ಜಪಾನ್ ಮರೆಯಲಿಲ್ಲ. 2004ರಲ್ಲಿ ನಿಗಾಟಾ ಪ್ರಾಂತದಲ್ಲಿ ಭೂಮಿ ನಡುಗಿ ಯಮಕೋಶಿ ಎಂಬ ಗುಡ್ಡದೂರು ಖಾಲಿಯಾದಾಗ, ಕೇರಿ ಕೇರಿಯವರನ್ನು ಒಟ್ಟಾಗಿಯೇ ತಾತ್ಕಾಲಿಕ ಮನೆಗಳಿಗೆ ಸೇರಿಸಿದರು. ನಮ್ಮಲ್ಲಿ ಚೀಟಿ ಎತ್ತಿ ಮನೆ ಹಂಚುವಾಗಲೂ ಈ ವಿವೇಕ ಬರಬೇಕು. ಪಕ್ಕದ ಮನೆಯವರು ಪಕ್ಕದಲ್ಲೇ ಇರುವುದು ಸರ್ಕಾರಕ್ಕೆ ಒಂದು ಪೈಸೆಯ ಹೆಚ್ಚಿನ ಖರ್ಚಲ್ಲ.

ಕೋಬೆಯಿಂದ ನಮ್ಮ ಬಾನುಲಿಗೂ ಒಂದು ಮಾತಿದೆ. ಆ ಭೂಕಂಪದ ನಂತರ ಅಲ್ಲಿ ವಿಪತ್ತಿಗೆಂದೇ ತಾತ್ಕಾಲಿಕ ಎಫ್‌ಎಂ ಕೇಂದ್ರ ತೆರೆದರು. 2011ರ ಸುನಾಮಿಯ ನಂತರ ಈಶಾನ್ಯ ಜಪಾನಿನ ಹಲವು ಪಟ್ಟಣಗಳಲ್ಲಿ ಅಂಥ ಕೇಂದ್ರಗಳು ನಡೆದವು. ನೀರು ಎಲ್ಲಿ ಸಿಗುತ್ತದೆ, ಯಾವ ಅರ್ಜಿಗೆ ಯಾವ ದಿನ ಕೊನೆ, ಇಂಥ ಸ್ಥಳೀಯ ಸುದ್ದಿಯೇ ಅವುಗಳ ಜೀವಾಳ. ಖಚಿತ ಮಾಹಿತಿಯೂ ಒಂದು ಸಾರ್ವಜನಿಕ ಸೇವೆ. ಅದಿಲ್ಲದ ಕಡೆ ಗಾಳಿಸುದ್ದಿ ಬೆಳೆಯುತ್ತದೆ, ದಲ್ಲಾಳಿಯೂ ಬೆಳೆಯುತ್ತಾನೆ.

ಸೇವೆ ಕೊಡುವವರ ಬಗ್ಗೆಯೂ ಒಂದು ಮಾತು. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಗ್ರಾಮ ಆಡಳಿತಾಧಿಕಾರಿ, ಲೈನ್‌ಮನ್, ನೀರು ಬಿಡುವ ವಾಟರ್‌ಮನ್. ಇವರೆಲ್ಲ ಹೆಚ್ಚಾಗಿ ಅದೇ ಸೀಮೆಯವರು. ಊರಿನ ಮನೆ ಬಿದ್ದಾಗ ಅವರ ಮನೆಯೂ ಬಿದ್ದಿರುತ್ತದೆ. ತಮ್ಮ ಮಕ್ಕಳನ್ನು ಕೇಂದ್ರದಲ್ಲಿ ಬಿಟ್ಟು ಊರವರ ಪಟ್ಟಿ ಮಾಡುತ್ತಿರುತ್ತಾರೆ. ಜನರ ಸಿಟ್ಟೆಲ್ಲ ಮೊದಲು ಬೀಳುವುದೂ ಇವರ ಮೇಲೆಯೇ. ಇವರಿಗೆ ಸರದಿಯ ರಜೆ, ಕಾಲಕ್ಕೆ ಸರಿಯಾದ ಗೌರವಧನ, ಹೊರಜಿಲ್ಲೆಯಿಂದ ನೆರವಿನ ಸಿಬ್ಬಂದಿ ಸಿಕ್ಕರೆ ಜನರಿಗೆ ಸಿಗುವ ಸೇವೆಯೂ ಸುಧಾರಿಸುತ್ತದೆ.

ನಾವೇನು ಮಾಡಬಹುದು? ಕೊಡುವ ಕೈಗಳಿಗೆ ನನ್ನ ವಿನಂತಿ ಇಷ್ಟೇ: ಮೊದಲ ವಾರ ಎಲ್ಲರೂ ಕೊಡುತ್ತಾರೆ, ನೀವು ಸ್ವಲ್ಪ ತಡೆದು ಆರನೆಯ ತಿಂಗಳಲ್ಲಿ ಕೊಡಿ. ಒಂದು ಮಗುವಿನ ವರ್ಷದ ಓದಿಗೆ, ಒಂದು ಹೊಲಿಗೆ ಯಂತ್ರಕ್ಕೆ, ಎರಡು ಕುರಿಮರಿಗೆ. ಮನೆಯಲ್ಲಿ ಯಾರಿಗಾದರೂ ನಿದ್ದೆ ಬಾರದೆ, ಬದುಕೇ ಬೇಡವೆನ್ನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಅದು. ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077.

ಹೊಳೆದಂಡೆಯವರಿಗೆ, ಗುಡ್ಡದ ಬುಡದವರಿಗೆ ಇನ್ನೊಂದು ಮಾತು. ಮಳೆಗಾಲಕ್ಕೆ ಮುಂಚಿನ ನಿಮ್ಮ ಗ್ರಾಮಸಭೆಗೆ ತಪ್ಪದೆ ಹೋಗಿ. ಅಲ್ಲಿ ಕೇಳಿ: ಕಳೆದ ಸಲದ ಫಲಾನುಭವಿಗಳ ಪಟ್ಟಿ ಪಂಚಾಯ್ತಿ ಗೋಡೆಯ ಮೇಲೆ ಯಾಕಿಲ್ಲ? ಹೊಸ ಬಡಾವಣೆಗೆ ನೀರು, ಬಸ್ಸು, ಅಂಗನವಾಡಿ ಯಾವಾಗ? ಹಕ್ಕುಪತ್ರ ಯಾರ ಮೇಜಿನ ಮೇಲಿದೆ? ಈ ಸಲ ನೀರು ಬಂದರೆ ಎಲ್ಲಿಗೆ ಹೋಗಬೇಕು, ದನಗಳನ್ನು ಎಲ್ಲಿ ಕಟ್ಟಬೇಕು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಮಾಡಿಸಿ. ಮುಂದಿನ ಸಭೆಯಲ್ಲಿ ಅದೇ ಪುಟ ತೆರೆಸಿ ಕೇಳಲು ಅದೊಂದು ಆಧಾರವಾಗುತ್ತದೆ.